ಮರವಾದ ಮೇಲೂ ಬಗ್ಗಬಹುದು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂಬ ಗಾದೆಯನ್ನು ಕೇಳಿ ಕೇಳಿ ನನ್ನ ಕಿವಿ ದಣಿದಿದೆ. ಶಾಲೆಯ ಕೆಲಸವೇ ಅಂಥದ್ದು. ಪೋಷಕರ ಸಭೆಯಲ್ಲಿ ಒಬ್ಬರಾದರೂ ಈ ಮಾತು ಹೇಳದೆ ಎದ್ದು ಹೋದದ್ದಿಲ್ಲ. ಮಕ್ಕಳನ್ನು ಚಿಕ್ಕಂದಿನಲ್ಲೇ ತಿದ್ದಬೇಕು ಎನ್ನುವ ಮಟ್ಟಿಗೆ ಈ ಗಾದೆಯ ಮೇಲೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಇನ್ನೊಂದು ಬಳಕೆಯ ಬಗ್ಗೆ. ನಲವತ್ತು ದಾಟಿದ ಹೆಂಗಸೊಬ್ಬಳು ಈಜು ಕಲಿಯುತ್ತೇನೆಂದರೆ, ಸೈಕಲ್ ಕಲಿಯುತ್ತೇನೆಂದರೆ, ಸಂಜೆ ಒಂದು ಗಂಟೆ ಶಟಲ್ ಆಡಿ ಬರುತ್ತೇನೆಂದರೆ ನಾವು ಈ ಗಾದೆಯನ್ನು ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಹಾಕಿಬಿಡುತ್ತೇವೆ. ಹಾಗೆ ಹಾಕುವವರು ಗಂಡಸರು ಮಾತ್ರ ಎಂದುಕೊಳ್ಳಬೇಡಿ. ಹೆಚ್ಚು ಸಲ ಹಾಕುವವರು ನಾವೇ, ಅದೂ ಒಳಗಿನಿಂದ.

ಈ ಅಗುಳಿಯನ್ನು ತೆಗೆಯಬೇಕೆಂಬುದೇ ನನ್ನ ವಾದ. ಅದಕ್ಕೆ ನಾನು ಆರಿಸಿಕೊಂಡ ಉದಾಹರಣೆ ನಮ್ಮ ಊರಿನದ್ದಲ್ಲ, ನಮ್ಮ ಹವೆಯದ್ದೂ ಅಲ್ಲ. ಕೆನಡಾ ದೇಶದಲ್ಲಿ, ಟೊರಾಂಟೊ ಪಕ್ಕದ ಮಿಸಿಸಾಗಾ ಎಂಬಲ್ಲಿ ನನ್ನ ತಂಗಿಯ ಮಗಳಿದ್ದಾಳೆ. ನಲವತ್ತೊಂದನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳು ಹೈಸ್ಕೂಲು ಮುಟ್ಟುವ ಹೊತ್ತಿಗೆ, ಅವಳು ಐಸ್ ಹಾಕಿ ಕಲಿಯಲು ಸೇರಿಕೊಂಡಳು. ಸುದ್ದಿ ನಮ್ಮ ಕಡೆ ಮುಟ್ಟಿದಾಗ ಎದ್ದ ಗದ್ದಲವನ್ನು ಏನು ಹೇಳಲಿ! "ಕಾಲಿಗೆ ಕತ್ತಿ ಕಟ್ಟಿಕೊಂಡು ಮಂಜುಗಡ್ಡೆ ಮೇಲೆ ಓಡೋದಂತೆ" ಎಂದರು ಒಬ್ಬರು. "ಮಗಳ ಮದುವೆಗೆ ಚಿನ್ನ ಮಾಡಿಸೋ ವಯಸ್ಸಿನಲ್ಲಿ ಇದೇನು ಹುಡುಗಾಟ" ಎಂದರು ಇನ್ನೊಬ್ಬರು. 2023ರ ಬೇಸಿಗೆ ರಜೆಯಲ್ಲಿ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿ ನಾನು ಅಲ್ಲಿಗೆ ಹೊರಟಾಗ ತಂಗಿ ಕೈಹಿಡಿದು ಹೇಳಿದಳು: "ಅಕ್ಕಾ, ನೀನಾದ್ರೂ ಅವಳಿಗೆ ನಾಲ್ಕು ಬುದ್ಧಿಮಾತು ಹೇಳು. ಟೀಚರ್ ಅಂತ ನಿನ್ನ ಮಾತಿಗೆ ಬೆಲೆ ಕೊಡ್ತಾಳೆ." ಬುದ್ಧಿ ಹೇಳುವ ಮೊದಲು ವಿಷಯ ತಿಳಿದುಕೊಳ್ಳಬೇಕೆಂಬುದು ನನ್ನ ವೃತ್ತಿ ಕಲಿಸಿದ ಅಭ್ಯಾಸ. ಮೂರು ವಾರ ಅವಳ ಜೊತೆ ಹೋಗಿ ಗಾಜಿನ ಈಚೆ ಶಾಲು ಹೊದ್ದು ಕೂತು ನೋಡಿದೆ. ನೋಡಿದ ಮೇಲೆ ಬುದ್ಧಿ ಹೇಳಬೇಕೆನಿಸಿದ್ದು ಅವಳಿಗಲ್ಲ, ನಮಗೆ.

ಹೊರಗೆ ಮೇ ತಿಂಗಳ ಬಿಸಿಲು. ಒಳಗೆ ಮಂಜುಗಡ್ಡೆಯ ಅಂಗಳ. ಇದನ್ನು ರಿಂಕ್ ಎನ್ನುತ್ತಾರೆ. ಅಲ್ಲಿ ದೊಡ್ಡವರ ಲೀಗಿನ ಅಂಗಳ ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲ. ಊರಿನ ರಿಂಕುಗಳೂ ಹೆಚ್ಚು ಕಡಿಮೆ ಅದೇ ಅಳತೆಯವು. ನೆಲದೊಳಗೆ ಹಾಸಿದ ಕೊಳವೆಗಳಲ್ಲಿ ತಣ್ಣನೆಯ ದ್ರವ ಹರಿಯುತ್ತಿರುತ್ತದೆ. ಅದರ ಮೇಲೆ ನೀರು ಹೆಪ್ಪುಗಟ್ಟಿಸಿದ, ಒಂದೂವರೆ ಅಂಗುಲವೂ ಮೀರದ ಪದರದ ಮೇಲೆ ಇಡೀ ಆಟ. ಎರಡೂ ಕಡೆ ಐದೈದು ಜನ ಮತ್ತು ಒಬ್ಬೊಬ್ಬ ಗೋಲ್‌ಕೀಪರ್. ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ: ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ತೂಕ ಸುಮಾರು 160 ಗ್ರಾಂ. ಅದು ಪುಟಿಯಬಾರದೆಂದು ಪಂದ್ಯಕ್ಕೆ ಮೊದಲು ಅದನ್ನೂ ತಣ್ಣಗೆ ಹೆಪ್ಪುಗಟ್ಟಿಸಿ ಇಡುತ್ತಾರೆ.

ಇನ್ನು ಪಾಠ. ಐಸ್ ಹಾಕಿಯ ಮೊದಲ ಪಾಠ ಯಾವುದು ಗೊತ್ತೇ? ಬಗ್ಗುವುದು. ಗಾದೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಸ್ಕೇಟಿನ ಅಡಿಯಲ್ಲಿರುವ ಅಲಗು ಹೆಚ್ಚೆಂದರೆ 3 ಮಿಲಿಮೀಟರ್ ದಪ್ಪ. ಅದರ ಉದ್ದಕ್ಕೂ ನಡುವೆ ಒಂದು ಸಣ್ಣ ಕಾಲುವೆ ಮಸೆದಿರುತ್ತಾರೆ. ಹಾಗಾಗಿ ಒಂದೊಂದು ಅಲಗಿಗೂ ಒಳಗಡೆ ಒಂದು, ಹೊರಗಡೆ ಒಂದು ಎಂದು ಎರಡು ಅಂಚು. ತಿರುಗುವುದು, ತಳ್ಳಿಕೊಂಡು ಮುಂದೆ ಹೋಗುವುದು, ನಿಲ್ಲುವುದು ಎಲ್ಲವೂ ಆ ಅಂಚುಗಳ ಮೇಲೆಯೇ. ಅದರ ಮೇಲೆ ನೆಟ್ಟಗೆ ಕಂಬದ ಹಾಗೆ ನಿಂತವರು ಮೊದಲು ಬೀಳುತ್ತಾರೆ. ಮೊಣಕಾಲು ಮುಂದಕ್ಕೆ ಬಗ್ಗಿಸಿ, ಕುರ್ಚಿಯ ಅಂಚಿನಲ್ಲಿ ಕೂರಲು ಹೊರಟವರ ಹಾಗೆ ನಿಂತವರಿಗೆ ಮಾತ್ರ ನೆಲ ದಕ್ಕುತ್ತದೆ. "ಇನ್ನೂ ಬಗ್ಗಿ, ಇನ್ನೂ ಬಗ್ಗಿ" ಎಂದು ಕಲಿಸುವ ಹುಡುಗಿ ಕೂಗುತ್ತಲೇ ಇರುತ್ತಾಳೆ. ಮೂವತ್ತೈದರ, ಐವತ್ತರ, ಅರವತ್ತರ ಮರಗಳು ಬಗ್ಗುತ್ತವೆ. ನಿಧಾನವಾಗಿ, ಮುಲುಗುತ್ತ ಬಗ್ಗುತ್ತವೆ ನಿಜ. ಆದರೆ ಬಗ್ಗುತ್ತವೆ.

ಎರಡನೆಯ ಪಾಠ ಬೀಳುವುದು. ಕೈಯೂರದೆ ಪಕ್ಕಕ್ಕೆ ಬೀಳಬೇಕು. ಕೈಯೂರಿದರೆ ಮಣಿಕಟ್ಟಿಗೆ ಪೆಟ್ಟು. ಬಿದ್ದ ಮೇಲೆ ಎರಡೂ ಮಂಡಿಯ ಮೇಲೆ ಎದ್ದು, ಒಂದು ಪಾದ ಮುಂದಿಟ್ಟು, ಆ ಮಂಡಿಯ ಮೇಲೆ ಎರಡೂ ಕೈ ಒತ್ತಿ ಏಳಬೇಕು. ಇದನ್ನು ಹತ್ತಾರು ಸಲ ಮಾಡಿಸುತ್ತಾರೆ. ಬಿ.ಎಡ್. ಓದುವಾಗ "ತಿಳಿದುದರಿಂದ ತಿಳಿಯದುದರ ಕಡೆಗೆ, ಸುಲಭದಿಂದ ಕಠಿಣದ ಕಡೆಗೆ" ಎಂಬ ಸೂತ್ರಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಬೀಳುವುದನ್ನೂ ಒಂದು ಪಾಠವಾಗಿ ಇಟ್ಟುಕೊಂಡ ತರಗತಿಯನ್ನು ಮಾತ್ರ ನಾನು ನೋಡಿದ್ದು ಅಲ್ಲಿಯೇ. ನಮ್ಮಲ್ಲಿ ಬೀಳುವುದಕ್ಕೆ ಪಾಠವಿಲ್ಲ, ನಗೆ ಮಾತ್ರ ಇದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅದಕ್ಕೂ ಒಂದು ಗಾದೆ ಸಿದ್ಧವಾಗಿದೆ. ಕುಣಿಯಲು ಅವಳಿಗೆ ಯಾರಾದರೂ ಕಲಿಸಿದ್ದರೇ ಎಂದು ಗಾದೆ ಕೇಳುವುದಿಲ್ಲ.

ಮೂರನೆಯ ಪಾಠ ನಿಲ್ಲುವುದು. ಓಡುವುದಕ್ಕಿಂತ ನಿಲ್ಲುವುದೇ ಕಷ್ಟವಂತೆ. ಹಾಕಿಯ ಸ್ಕೇಟಿನ ಮೂತಿಯಲ್ಲಿ ನರ್ತನದ ಸ್ಕೇಟಿನ ಹಾಗೆ ಊರಿಕೊಳ್ಳಲು ಹಲ್ಲುಗಳಿಲ್ಲ. ಹಿಮ್ಮಡಿ ಹೊರಗೆ, ಬೆರಳು ಒಳಗೆ ಮಾಡಿ ಮಂಜುಗಡ್ಡೆಯನ್ನು ಕೆರೆದು ನಿಲ್ಲುವುದನ್ನು ಮೊದಲು ಕಲಿಸುತ್ತಾರೆ. ಎರಡೂ ಪಾದ ಒಟ್ಟಿಗೆ ಅಡ್ಡ ತಿರುಗಿಸಿ ಥಟ್ಟನೆ ನಿಲ್ಲುವ ವಿದ್ಯೆ ಬರಲು ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಸುತ್ತಲಿನ ಹಲಗೆ ಗೋಡೆಗೆ ಡಿಕ್ಕಿ ಹೊಡೆದೇ ನಿಲ್ಲುವುದು. ನನ್ನ ತಂಗಿಯ ಮಗಳೂ ಹಾಗೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿಂತು ನನ್ನ ಕಡೆ ತಿರುಗಿ ನಕ್ಕಳು. ಮದುವೆಯಾದ ಮೇಲೆ ಅವಳು ಆ ರೀತಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಸಲಕರಣೆಯ ಸಂಭ್ರಮ ಬೇರೆ. ಕಾಲಿನ ಮುಂಗವಚ, ಒಳಗೆ ಮೆತ್ತೆಯಿರುವ ಚಡ್ಡಿ, ಸ್ಕೇಟು. ಆಮೇಲೆ ಭುಜದ ಕವಚ, ಮೊಣಕೈ ಕವಚ, ಜೆರ್ಸಿ, ಕಂಬಿಯ ಮುಸುಕಿರುವ ಹೆಲ್ಮೆಟ್, ಕೊನೆಗೆ ಕೈಗವಸು. ಕೆಳಗಿನಿಂದ ಮೇಲಕ್ಕೆ ಹೀಗೇ ತೊಡಬೇಕು. ಭುಜಕ್ಕೆ ಮೊದಲೇ ಹಾಕಿಕೊಂಡರೆ ಬಗ್ಗಿ ಸ್ಕೇಟಿನ ದಾರ ಬಿಗಿಯಲಾಗದು. "ದೊಡ್ಡಮ್ಮಾ, ಮದುವೆ ಹೆಣ್ಣಿಗೆ ಸೀರೆ ಉಡಿಸೋದಕ್ಕೂ ಇಷ್ಟು ಹೊತ್ತು ಹಿಡಿಯಲ್ಲ ಅಲ್ವಾ" ಎಂದಳು. ನಿಜ. ಆದರೆ ಆ ಸೀರೆ ಉಡಿಸುವುದು ಅಲುಗಾಡದೆ ಕೂರಲಿ ಎಂದು; ಈ ಕವಚ ತೊಡುವುದು ಬಿದ್ದರೂ ಏಳಲಿ ಎಂದು.

ಇಷ್ಟನ್ನೂ ಹೇಳಿದ್ದು ಅವಳನ್ನು ಹೊಗಳುವುದಕ್ಕಲ್ಲ. ಅವಳು ಅಂಥ ಒಳ್ಳೆಯ ಆಟಗಾರ್ತಿಯೇನಲ್ಲ, ಆಗುವುದೂ ಇಲ್ಲ. ನನ್ನ ವಾದ ನಿಂತಿರುವುದೇ ಅದರ ಮೇಲೆ. ಅಲ್ಲಿ ವಯಸ್ಕರ ಲೀಗುಗಳನ್ನು ವಯಸ್ಸು ನೋಡಿ ಮಾತ್ರವಲ್ಲ, ಆಟದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಾರೆ. ಕಡೆಯ ದರ್ಜೆ ಇರುವುದೇ ಆಟ ಸರಿಯಾಗಿ ಬಾರದವರಿಗಾಗಿ. ಅಲ್ಲಿ ಮೈಗೆ ಮೈ ಗುದ್ದಿ ಎದುರಾಳಿಯನ್ನು ಬೀಳಿಸುವಂತಿಲ್ಲ. ದೂರದರ್ಶನದಲ್ಲಿ ಕಾಣುವ ಆ ಗುದ್ದಾಟ ವೃತ್ತಿ ಆಟಗಾರರದ್ದು. ಒಬ್ಬೊಬ್ಬರು ಒಂದು ನಿಮಿಷದಷ್ಟು ಆಡಿ ಬೆಂಚಿಗೆ ಬರುತ್ತಾರೆ, ಇನ್ನೊಬ್ಬರು ಇಳಿಯುತ್ತಾರೆ, ಆಟ ನಿಲ್ಲುವುದಿಲ್ಲ. ಅತ್ಯುತ್ತಮ ಆಟಗಾರ್ತಿಗೂ ಒಂದು ನಿಮಿಷವೇ, ಅತಿ ಕೆಟ್ಟವಳಿಗೂ ಒಂದು ನಿಮಿಷವೇ. ಅಂಗಳ ಮಕ್ಕಳಿಗೆ ಮೊದಲು ಸಲ್ಲುವುದರಿಂದ ದೊಡ್ಡವರಿಗೆ ಸಿಗುವುದು ಬಹುತೇಕ ರಾತ್ರಿ ಹತ್ತರ ಮೇಲಿನ ಹೊತ್ತು. ಆ ಹೊತ್ತಿಗೂ ಅವರು ಬರುತ್ತಾರೆ. ನರ್ಸಿನ ಪಾಳಿ ಮುಗಿಸಿದವಳು, ಬಸ್ಸು ಓಡಿಸುವವಳು, ಮೊಮ್ಮಗಳ ಆಟ ನೋಡಿ ನೋಡಿ ತಾನೂ ಆಡುತ್ತೇನೆಂದು ಬಂದ ಅಜ್ಜಿ. ಯಾರೂ ಕಪ್ಪು ಗೆಲ್ಲಲು ಬಂದವರಲ್ಲ. ಲೀಗೇ ಬೇಡವೆನ್ನುವವರಿಗೆ ಶಿನ್ನಿ ಎಂಬ ಬಿಡಿ ಆಟವಿದೆ: ಅಂಕ ಬರೆಯುವವರಿಲ್ಲ, ತೀರ್ಪುಗಾರನಿಲ್ಲ, ಬಂದವರೇ ಎರಡು ಪಂಗಡವಾಗಿ ಆಡುವುದು. ಚಳಿಗಾಲದಲ್ಲಿ ಟೊರಾಂಟೊ ನಗರಾಡಳಿತ ಬಯಲಿನಲ್ಲಿ ಹತ್ತಾರು ರಿಂಕುಗಳನ್ನು ನಡೆಸುತ್ತದೆ.

ನನ್ನ ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಚೆನ್ನಾಗಿ ಆಡುವವರಿಗೆ ಜಾಗ ಮಾಡಿಕೊಡುವುದು ದೊಡ್ಡ ವಿಷಯವಲ್ಲ. ಅದನ್ನು ಎಲ್ಲ ದೇಶವೂ ಮಾಡುತ್ತದೆ, ಪದಕದ ಆಸೆಗೆ. ಕೆಟ್ಟದಾಗಿ ಆಡುವವರಿಗೆ ಒಂದು ಜಾಗ, ಒಂದು ಹೊತ್ತು, ಒಂದು ನಿಯಮ ಮಾಡಿಕೊಡುವುದು ನಾಗರಿಕತೆಯ ಲಕ್ಷಣ. ನಮ್ಮಲ್ಲಿ ಆಟ ಇಬ್ಬರ ಸೊತ್ತು: ಮಕ್ಕಳದ್ದು ಮತ್ತು ಚಾಂಪಿಯನ್ನರದ್ದು. ನಡುವೆ ಉಳಿದ ಕೋಟ್ಯಂತರ ಜನ ನೋಡುವವರು. ಅದರಲ್ಲೂ ಹೆಂಗಸರು ನೋಡುವವರಿಗೆ ಕಾಫಿ ಮಾಡಿಕೊಡುವವರು.

"ಅದು ಆ ದೇಶದ ಗುಣ, ಅಲ್ಲಿಯವರು ಹಾಗೇ ಹುಟ್ಟಿದ್ದಾರೆ" ಎನ್ನುವವರಿಗೆ ಸ್ವಲ್ಪ ಇತಿಹಾಸ ಹೇಳಬೇಕು. ಛಾವಣಿಯಡಿ ಏರ್ಪಡಿಸಿದ ಮೊದಲ ಐಸ್ ಹಾಕಿ ಪಂದ್ಯ ಮಾಂಟ್ರಿಯಲ್ ನಗರದಲ್ಲಿ ನಡೆದದ್ದು 1875ರ ಮಾರ್ಚ್ 3ರಂದು. ಹೆಣ್ಣುಮಕ್ಕಳು ಇದನ್ನು ಆಡಲು ಬಹಳ ಕಾಲವೇನೂ ಕಾಯಲಿಲ್ಲ. ಸ್ಟ್ಯಾನ್ಲಿ ಕಪ್ ಕೊಟ್ಟ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿಯ ಮಗಳು ಇಸೊಬೆಲ್ 1890ರ ಸುಮಾರಿಗೆ ಉದ್ದ ಲಂಗ ತೊಟ್ಟೇ ಆಡಿದಳು. 1930ರ ದಶಕದಲ್ಲಿ ಒಂಟಾರಿಯೊದ ಪ್ರೆಸ್ಟನ್ ರಿವ್ಯುಲೆಟ್ಸ್ ಎಂಬ ಮಹಿಳಾ ತಂಡ ಗೆಲುವಿನ ಮೇಲೆ ಗೆಲುವು ಸಾಧಿಸಿತು. ಯುದ್ಧ ಬಂತು, ತಂಡ ಚದುರಿತು, ಯುದ್ಧ ಮುಗಿದ ಮೇಲೆ "ಇನ್ನು ಮನೆಗೆ ನಡೆಯಿರಿ" ಎಂಬ ಗಾಳಿ ಬೀಸಿತು. 1955ರ ಚಳಿಗಾಲದಲ್ಲಿ ಟೊರಾಂಟೊದ ಪುಟ್ಟ ಹುಡುಗಿ ಆಬಿ ಹಾಫ್‌ಮನ್ ಕೂದಲು ಕತ್ತರಿಸಿಕೊಂಡು ಗಂಡುಹುಡುಗನಂತೆ ಹೆಸರು ಬರೆಸಿ ಲೀಗಿನಲ್ಲಿ ಆಡಬೇಕಾಯಿತು. ಜನನ ಪತ್ರ ಕೇಳಿದಾಗ ಗುಟ್ಟು ರಟ್ಟಾಯಿತು. ಆ ಹುಡುಗಿ ಮುಂದೆ ಓಟಗಾರ್ತಿಯಾಗಿ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಓಡಿದಳು ಎಂಬುದು ಬೇರೆ ಮಾತು. ಜಸ್ಟೀನ್ ಬ್ಲೇನಿ ಎಂಬ ಇನ್ನೊಬ್ಬ ಹುಡುಗಿ ಹುಡುಗರ ತಂಡದಲ್ಲಿ ಆಡುವ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲೇರಿ, 1986ರಲ್ಲಿ ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯದಿಂದ ತನ್ನ ಪರ ತೀರ್ಪು ಪಡೆದಳು. 1990ರಲ್ಲಿ ಒಟ್ಟಾವಾದಲ್ಲಿ ಮೊದಲ ಅಧಿಕೃತ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಕೆನಡಾದ ಹೆಣ್ಣುಮಕ್ಕಳಿಗೆ ತೊಡಿಸಿದ್ದು ಗುಲಾಬಿ ಬಣ್ಣದ ಜೆರ್ಸಿ! ಅದನ್ನು ತೊಟ್ಟೇ ಅವರು ಗೆದ್ದರು. ಒಲಿಂಪಿಕ್ಸ್ ಬಾಗಿಲು ತೆರೆದದ್ದು 1998ರಲ್ಲಿ, ಜಪಾನಿನ ನಗಾನೊದಲ್ಲಿ. ಹಾಗಾಗಿ ರಾತ್ರಿ ಹತ್ತೂವರೆಗೆ ನನ್ನ ತಂಗಿಯ ಮಗಳಿಗೆ ಸಿಕ್ಕ ಆ ಒಂದು ನಿಮಿಷ ಮಂಜಿನ ಜೊತೆ ಆಕಾಶದಿಂದ ಉದುರಿದ್ದಲ್ಲ. ಅದನ್ನು ಹೆಂಗಸರು ಕೇಳಿ, ಜಗಳವಾಡಿ, ಕೋರ್ಟಿಗೆ ಹೋಗಿ ಪಡೆದರು.

ಆಕ್ಷೇಪಗಳು ನನಗೆ ಗೊತ್ತಿವೆ. ಮೊದಲನೆಯದು, ಪೆಟ್ಟಾದರೆ? ಆಗಬಹುದು. ಕೆಟ್ಟದಾಗಿ ಬಿದ್ದರೆ ಮೂಳೆ ಮುರಿಯುತ್ತದೆ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಹೆಂಗಸರು ಆಟವಾಡದೆ ಸುರಕ್ಷಿತವಾಗಿದ್ದಾರೆಯೇ? ಬಚ್ಚಲುಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡವರು ನಮ್ಮ ಬೀದಿಯಲ್ಲೇ ಎಷ್ಟಿಲ್ಲ! ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಜಾರುವ ನೆಲದ ಮೇಲೆ ನಿಲ್ಲಲು ಕಲಿಯುವುದಕ್ಕಿಂತ ದೊಡ್ಡ ಸಮತೋಲನದ ಪಾಠ ಯಾವುದು? ಹಾಗೆಂದು ಆಟವನ್ನು ಔಷಧಿ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಹೇಳಿದರೆಂದು ಉದ್ಯಾನವನ ಸುತ್ತುವುದಕ್ಕೆ ನಮ್ಮ ಮನೆಗಳಲ್ಲಿ ಅನುಮತಿಯಿದೆ. ಖುಷಿಗೆಂದು ಓಡಲು ಅನುಮತಿಯಿಲ್ಲ. ಹೆಂಗಸು ಚಪ್ಪಲಿ ಮೆಟ್ಟಿ ಹೊರಡಬೇಕಾದರೆ ಮೊದಲು ರೋಗ ಬರಬೇಕು.

ಎರಡನೆಯದು, ದುಡ್ಡು. ಒಪ್ಪುತ್ತೇನೆ, ಐಸ್ ಹಾಕಿ ಅಗ್ಗದ ಆಟವಲ್ಲ. ಹೊಸಬರಲ್ಲಿ ಅನೇಕರು ಕೈಬದಲಾದ ಸಲಕರಣೆ ಕೊಳ್ಳುತ್ತಾರೆ. ಆದರೂ ರಿಂಕಿನ ಬಾಡಿಗೆ, ಸ್ಕೇಟು, ಸ್ಟಿಕ್ಕು ಸೇರಿ ಖರ್ಚು ಕಡಿಮೆಯಾಗುವುದಿಲ್ಲ. ದುಡ್ಡಿಲ್ಲದ ಕಾರಣಕ್ಕೆ ಹೊರಗೆ ನಿಂತವರು ಆ ದೇಶದಲ್ಲೂ ಇದ್ದಾರೆ. ಆದರೆ ನಾನು ನಮ್ಮ ತಾಲ್ಲೂಕಿನಲ್ಲಿ ಮಂಜುಗಡ್ಡೆ ಹಾಸಿ ಎಂದು ಕೇಳುತ್ತಿಲ್ಲ. ಮಂಜು ದೇವರೇ ಹಾಸಿಕೊಡುವ ನಮ್ಮ ಲಡಾಖಿನಲ್ಲಿ ಹೆಣ್ಣುಮಕ್ಕಳು ಹೆಪ್ಪುಗಟ್ಟಿದ ಕೊಳಗಳ ಮೇಲೆ, ಯಾರೋ ಆಡಿ ಬಿಟ್ಟ ಸ್ಕೇಟು ತೊಟ್ಟು ಕಲಿತರು. 2016ರಲ್ಲಿ ಭಾರತದ ಮಹಿಳಾ ತಂಡ ಮೊದಲ ಸಲ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಹೋಯಿತು. 2017ರಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4-3ರಿಂದ ಸೋಲಿಸಿ ಮೊದಲ ಗೆಲುವು ಕಂಡಿತು. 2025ರಲ್ಲಿ ಏಷ್ಯಾ ಕಪ್ಪಿನಲ್ಲಿ ಕಂಚು ತಂದಿತು. ನಾನೂ ಹೆಮ್ಮೆಪಟ್ಟೆ. ಆದರೆ ನಮ್ಮ ಹೆಮ್ಮೆ ಕಂಚು ಕಂಡ ಮೇಲೆಯೇ ಏಕೆ ಎಚ್ಚರಾಗಬೇಕು? ಆ ಕೊಳದ ಮೇಲೆ ಆಡಿ, ತಂಡಕ್ಕೆ ಆಯ್ಕೆಯಾಗದೆ, ಮನೆಗೆ ಹೋಗಿ ಕುರಿ ನೋಡಿಕೊಂಡ ಹುಡುಗಿಯೂ ಆಡಿದ್ದಾಳೆ. ಅವಳ ಆಟವೂ ಆಟವೇ.

ಮೂರನೆಯ ಆಕ್ಷೇಪ, ಮನೆಗೆಲಸ ಯಾರು ಮಾಡಬೇಕು? ಇದು ಆಕ್ಷೇಪವಲ್ಲ, ತಪ್ಪೊಪ್ಪಿಗೆ. ಹೆಂಗಸು ವಾರಕ್ಕೆ ಒಂದು ಗಂಟೆ ಹೊರಗೆ ಹೋದರೆ ನಿಂತುಹೋಗುವ ಮನೆ ಅಷ್ಟರಮಟ್ಟಿಗೆ ಸರಿಯಿಲ್ಲದ ಮನೆ. ನನ್ನ ತಂಗಿಯ ಮಗಳು ಆಟಕ್ಕೆ ಹೋದ ರಾತ್ರಿ ಅವಳ ಗಂಡ ಸಾರು ಮಾಡುತ್ತಾನೆ. ಉಪ್ಪು ಹೆಚ್ಚಾಗುತ್ತದೆ. ಅವನೂ ಕಡೆಯ ದರ್ಜೆಯ ಆಟಗಾರ, ಕಲಿಯುತ್ತಾನೆ ಬಿಡಿ.

ಈಗ ನಮ್ಮ ಅಂಗಳಕ್ಕೆ ಬರೋಣ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೂ ವಿಜ್ಞಾನಕ್ಕೂ ಎತ್ತಿಕೊಡುವ ಶಾಲೆಗಳೆಷ್ಟು ಎಂದು ಯಾವ ವಿದ್ಯಾರ್ಥಿಯನ್ನಾದರೂ ಕೇಳಿ. ಉಳಿದ ಒಂದೆರಡು ಪೀರಿಯಡ್ಡಿನಲ್ಲೂ ಆಡುವುದು ಆಯ್ಕೆಯಾದ ಹನ್ನೆರಡು ಮಕ್ಕಳು. ಮಿಕ್ಕವರು ಮರದಡಿ ಕೂತು ಅವರ ಚೀಲ ಕಾಯಬೇಕು. ಹತ್ತನೆಯ ತರಗತಿ ಮುಟ್ಟುವಷ್ಟರಲ್ಲಿ "ನನಗೆ ಆಟ ಬರಲ್ಲ ಮಿಸ್" ಎಂದು ಹುಡುಗಿ ತಾನೇ ಹೇಳುತ್ತಾಳೆ. ಅವಳಿಗೆ ನಾವು ಕಲಿಸಿದ ಪಾಠಗಳಲ್ಲಿ ಇದೊಂದು ಮಾತ್ರ ಜೀವನಪೂರ್ತಿ ಮರೆಯುವುದಿಲ್ಲ. ಮುಂದೆ ಆಕೆ ಅಧ್ಯಾಪಕಿಯೋ ಗುಮಾಸ್ತೆಯೋ ಆದಳೆನ್ನಿ. ಮಹಿಳಾ ದಿನದಂದು ಅವಳಿಗೆ ನಾವು ಏರ್ಪಡಿಸುವ ಆಟಗಳೇನು? ಲೆಮನ್ ಅಂಡ್ ಸ್ಪೂನ್, ಮ್ಯೂಸಿಕಲ್ ಚೇರ್. ಒಂದರಲ್ಲಿ ನಿಂಬೆಹಣ್ಣು ಬೀಳದಂತೆ ಉಸಿರು ಬಿಗಿಹಿಡಿದು ನಡೆಯಬೇಕು. ಇನ್ನೊಂದರಲ್ಲಿ ಇರುವ ಒಂದು ಕುರ್ಚಿಗೆ ಇನ್ನೊಬ್ಬ ಹೆಂಗಸನ್ನು ತಳ್ಳಬೇಕು. ಇವೆರಡನ್ನೂ ನಾವು ವರ್ಷವಿಡೀ ಮಾಡುತ್ತಲೇ ಇದ್ದೇವೆ. ಹಬ್ಬಕ್ಕೂ ಅದೇ ಬೇಕೇ? ಗೆದ್ದವರಿಗೆ ಸ್ಟೀಲ್ ಡಬ್ಬಿ ಬಹುಮಾನ. ಮಾರನೆಯ ದಿನ ಆಟ ಮುಗಿಯಿತು, ಮುಂದಿನ ಮಾರ್ಚಿಗೆ.

ನಮ್ಮಲ್ಲಿ ಬೇರೆ ದಾರಿ ಇಲ್ಲವೆಂದಲ್ಲ. ಕೊಡಗಿನವರನ್ನು ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ತಂಡಕ್ಕೆ ಸೇರಲು ಬೇಕಾದ ಮೊದಲ ಅರ್ಹತೆ ಮನೆತನದ ಹೆಸರು. ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗನೂ ಮನೆಯ ಹೆಣ್ಣುಮಕ್ಕಳೂ ಸ್ಟಿಕ್ ಹಿಡಿದದ್ದಿದೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಒಲಿಂಪಿಕ್ಸ್ ಆಟಗಾರರನ್ನು ಕೊಟ್ಟ ಜಿಲ್ಲೆಯಲ್ಲಿ ಆಟ ಬಾರದವರಿಗೂ ಮೈದಾನದಲ್ಲಿ ಜಾಗವಿದೆ. ಇದು ಕಾಕತಾಳೀಯವೆಂದು ನನಗನ್ನಿಸುವುದಿಲ್ಲ.

ನಾನು ಕೇಳುವುದು ಬಹಳ ದೊಡ್ಡದಲ್ಲ. ಒಂದೊಂದು ತಾಲ್ಲೂಕು ಕ್ರೀಡಾಂಗಣದಲ್ಲಿ ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ, ಮೂವತ್ತೈದು ದಾಟಿದ ಹೆಂಗಸರಿಗೆಂದು ಮೀಸಲಿಡಲಿ. ಥ್ರೋಬಾಲ್ ಆಗಬಹುದು, ಖೋ ಖೋ ಆಗಬಹುದು, ಕಬಡ್ಡಿ ಆಗಬಹುದು. ಕಲಿಸಲು ಒಬ್ಬರಿರಲಿ, ಅವರು ಮೊದಲ ದಿನ ಬೀಳುವುದನ್ನೇ ಕಲಿಸಲಿ. ದೀಪವಿರಲಿ, ಬೀಗವಿರುವ ಒಂದು ಬಟ್ಟೆ ಬದಲಿಸುವ ಕೋಣೆಯಿರಲಿ, ನೀರು ಬರುವ ಶೌಚಾಲಯವಿರಲಿ. ಬಹುಮಾನ ಬೇಡ, ಉದ್ಘಾಟನೆಗೆ ಶಾಸಕರು ಬೇಡ, ಫೋಟೋ ಬೇಡ. ಆಟ ಬಾರದವರು ಮೊದಲು ಬರಲಿ. ಬರುವವರಿಗೆ ಬೇರೆ ದಿನವಿದೆ.

ಇದನ್ನು ಓದಿ ನಿಮ್ಮ ಮನೆಯ ಹೆಂಗಸು ನಾಳೆ ಯಾವುದೋ ಆಟದ ಹೆಸರು ಹೇಳಿದರೆ ಗಾದೆ ಹುಡುಕಬೇಡಿ. "ಎಷ್ಟು ಗಂಟೆಗೆ ಹೋಗಬೇಕು?" ಎಂದಷ್ಟೇ ಕೇಳಿ. ಆ ಹೊತ್ತಿಗೆ ಅನ್ನಕ್ಕೆ ಅಕ್ಕಿ ತೊಳೆದಿಡಿ. ನನ್ನ ತಂಗಿಗೂ ನಾನು ಅಲ್ಲಿಂದ ಬಂದ ಮೇಲೆ ಹೇಳಿದ್ದು ಇದನ್ನೇ. ಅವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಫೋನು ಮಾಡಿ, "ಅಕ್ಕಾ, ನಮ್ಮೂರಿನ ಈಜುಕೊಳದಲ್ಲಿ ಹೆಂಗಸರಿಗೆ ಯಾವ ಹೊತ್ತು ಅಂತ ನಿನಗೇನಾದ್ರೂ ಗೊತ್ತಾ?" ಎಂದು ಕೇಳಿದಳು.